ದಿನ ಎಣಿಸೋ ಆಪ್ ಸಾಕಾಯ್ತು. ತುಡಿತ ಎದ್ದ ಆ ಹತ್ತು ನಿಮಿಷಕ್ಕೆ ಆನ್‌ಲೈನ್‌ನಲ್ಲಿ ಏನಾದ್ರೂ ಇದೆಯಾ?

ಬಾಲ್ಕನಿ_ಬಾಗಿಲು:

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದ್ತಾ ಇದ್ದೀನಿ, ಬರೆಯೋದು ಇದೇ ಮೊದಲು.

ಮನೆಯಿಂದಲೇ ಕೆಲಸ. ದಿನವಿಡೀ ಕಾಲ್‌ಗಳು. ಒಂದೊಂದು ಕಾಲ್ ಮುಗಿದಾಗಲೂ ಹೆಡ್‌ಫೋನ್ ತೆಗೆದಿಡೋದು, ಬಾಲ್ಕನಿಗೆ ಹೋಗೋದು, ಸಿಗರೇಟ್ ಹಚ್ಚೋದು. ಕೈ ತಾನಾಗೇ ಲೈಟರ್ ಹುಡುಕಿಕೊಳ್ಳುತ್ತೆ, ತಲೆಗೆ ಆಮೇಲೆ ಗೊತ್ತಾಗುತ್ತೆ. ಬಿಟ್ಟುಬಿಡೋಣ ಅಂತ ಒಂದು ಆಪ್ ಹಾಕಿಕೊಂಡೆ. ಬಿಟ್ಟು ಎಷ್ಟು ದಿನ ಆಯ್ತು, ಎಷ್ಟು ಸಿಗರೇಟ್ ಉಳೀತು, ಶ್ವಾಸಕೋಶ ಶೇಕಡಾ ಎಷ್ಟು ಚೇತರಿಸಿಕೊಂಡಿದೆ ಅಂತೆಲ್ಲ ತೋರಿಸ್ತಿತ್ತು. (ನನ್ನ ಶ್ವಾಸಕೋಶದ ವಿಷಯ ಫೋನ್‌ಗೆ ಹೇಗೆ ಗೊತ್ತಾಯ್ತೋ!) ಮೊದಮೊದಲು ಖುಷಿಯಾಗಿಯೇ ಇತ್ತು. ಪದಕ ಕೊಡೋದು, ಪರದೆ ಮೇಲೆ ಬಣ್ಣ ಸಿಡಿಸೋದು, ಎಲ್ಲ ಮಾಡ್ತಿತ್ತು.

ಒಂದು ದಿನ ಮ್ಯಾನೇಜರ್ ಜೊತೆ ಕಾಲ್ ಕೆಟ್ಟದಾಗಿ ಮುಗೀತು. ಒಂದು ಸೇದಿದೆ. ಸುಳ್ಳು ಯಾಕೆ ಅಂತ ಆಪ್‌ನಲ್ಲೂ ಹಾಕಿದೆ. ಇಷ್ಟು ದಿನದ ಲೆಕ್ಕ ಪೂರ್ತಿ ಸೊನ್ನೆ. ಆ ಸೊನ್ನೆ ನೋಡಿ "ಹೇಗಿದ್ರೂ ಹೋಯ್ತಲ್ಲ" ಅನ್ನಿಸಿ ರಾತ್ರಿಯೊಳಗೆ ಪ್ಯಾಕ್ ಖಾಲಿಯಾಯ್ತು. ಆಪ್ ಕಿತ್ತು ಹಾಕಿದೆ.

ಈಗ ಕೇಳಬೇಕಾಗಿರೋದು ಇಷ್ಟು. ಸೇದಲೇಬೇಕು ಅನ್ನಿಸೋ ಆ ಕ್ಷಣದಲ್ಲಿ ಉಪಯೋಗಕ್ಕೆ ಬರೋ ಆನ್‌ಲೈನ್ ಸಾಧನ ಏನಾದ್ರೂ ಇದೆಯಾ, ಅಥವಾ ಎಲ್ಲವೂ ಇದೇ ಪದಕದ ಆಟವಾ? ಸಭೆ, ಗುಂಪು ಅಂದ್ರೆ ನನಗೆ ಸಂಕೋಚ, ಒಬ್ಬನೇ ಕೂತು ಮಾಡೋ ಹಾಗಿದ್ರೆ ಒಳ್ಳೇದು. ಇನ್ನೊಂದು, ನನ್ನ ಗೆಳೆಯನೊಬ್ಬನಿದ್ದಾನೆ, ಅವನದು ಕುಡಿತ. ದಿನಾ ಸಂಜೆ ಇದ್ದದ್ದು ಈಗೀಗ ಬೆಳಿಗ್ಗೆಯೂ ಶುರುವಾಗಿದೆ. "ಹೇಗಿದ್ರೂ ಹುಡುಕ್ತಿದ್ದೀಯಲ್ಲ, ನನಗೂ ಒಂದು ಆಪ್ ಹೇಳು, ನಾಳೆಯಿಂದ ಪೂರ್ತಿ ನಿಲ್ಲಿಸಿಬಿಡ್ತೀನಿ" ಅಂತಾನೆ. ಅವನಿಗೂ ಇದೇ ಸಾಕಾಗುತ್ತಾ?

ಗಟ್ಟಿಮನಸು:

ಆಪೂ ಬೇಡ ಗೀಪೂ ಬೇಡ. ಮನಸ್ಸು ಗಟ್ಟಿ ಇದ್ರೆ ಸಾಕು. ನಾನು ಬೆಳಿಗ್ಗೆ ಎದ್ದು ಪ್ಯಾಕ್ ಎಸೆದೆ, ಅಲ್ಲಿಗೆ ಮುಗೀತು.

ಲೆಕ್ಕದ_ಪುಸ್ತಕ:

ಗಟ್ಟಿಮನಸು ಅವರಿಗೆ ಹಾಗೇ ಆಗಿದ್ರೆ ಬಹಳ ಸಂತೋಷ, ಸ್ವಲ್ಪ ಹೊಟ್ಟೆಕಿಚ್ಚೂ ಆಗ್ತಿದೆ. ಆದ್ರೆ ಹಾಗೆ ಬಿಟ್ಟವರು ಇಂಥ ಪ್ರಶ್ನೆ ಕೇಳಲ್ಲ, ಹಾಗಾಗಿ ಆ ಉತ್ತರ ಇಲ್ಲಿ ಯಾರಿಗೂ ಉಪಯೋಗ ಇಲ್ಲ.

ನಾನು ಕುಡಿತ ಬಿಟ್ಟವನು, ಅದಾದ ಮೇಲೆ ಸಿಗರೇಟೂ. ವೃತ್ತಿಯಲ್ಲಿ ಲೆಕ್ಕಪತ್ರದವನು. ಕಾಲಂ ಎಳೆದು ಬರೆಯೋದು ನನಗೆ ರೂಢಿ, ಎಲ್ಲರಿಗೂ ಅದು ಹಿಡಿಸಲ್ಲ ಅನ್ನೋದೂ ಗೊತ್ತು. ಉದ್ದವಾಗುತ್ತೆ, ಬೇಜಾರಾದ್ರೆ ಅರ್ಧಕ್ಕೇ ಬಿಡಿ.

ಬಾಲ್ಕನಿ ಅವರೇ, ನೀವು ಕಿತ್ತು ಹಾಕಿದ್ದು ಒಂದು ಮೀಟರ್. ಮೀಟರ್ ಓದಿದ್ರೆ ಎಷ್ಟು ಓಡಿದೆ ಅಂತ ಗೊತ್ತಾಗುತ್ತೆ ಅಷ್ಟೇ. ತುಡಿತ ಎದ್ದಾಗ ಕೈಕಾಲು ಎಲ್ಲಿಡಬೇಕು ಅಂತ ಅದು ಹೇಳಿಕೊಡಲ್ಲ. ಅದರ ಮೇಲೆ, ಒಂದು ಸಲ ಎಡವಿದ್ರೆ ಹಿಂದಿನ ದಿನಗಳನ್ನೆಲ್ಲ ಅಳಿಸಿ ಸೊನ್ನೆ ಮಾಡುತ್ತೆ. ಆ ಸೊನ್ನೆ ನೋಡಿ ನೀವು ಪ್ಯಾಕ್ ಮುಗಿಸಿದ್ರಲ್ಲ, ಅದಕ್ಕೆ ಮನಶ್ಶಾಸ್ತ್ರದಲ್ಲಿ ಹೆಸರೇ ಇದೆ. ಅಲನ್ ಮಾರ್ಲೆಟ್ ಅಂತ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞರು ಇದನ್ನ 'ಅಬ್ಸ್ಟಿನೆನ್ಸ್ ವಯಲೇಷನ್ ಎಫೆಕ್ಟ್' ಅಂತ ಕರೆದ್ರು. ಅವರ ಪ್ರಕಾರ ಮೊದಲನೇ ಸಿಗರೇಟಿಗಿಂತ ಹೆಚ್ಚು ಕೆಡಿಸೋದು ಅದರ ಹಿಂದೆ ಬರೋ ನಾಚಿಕೆ ಮತ್ತು "ನಾನು ಇಷ್ಟೇ, ನನ್ನಿಂದಾಗಲ್ಲ" ಅನ್ನೋ ತೀರ್ಪು. ಎರಡನೇದನ್ನ ಹಚ್ಚಿಸೋದು ಆ ತೀರ್ಪೇ. ಅಷ್ಟು ದಿನ ನೀವು ಸೇದದೇ ಇದ್ದದ್ದು ನಡೆದ ಸಂಗತಿ. ಆಪ್ ಅಳಿಸಿದ ಮಾತ್ರಕ್ಕೆ ಅದು ನಡೆದೇ ಇಲ್ಲ ಅಂತ ಆಗಲ್ಲ.

ಹಾಗಾದ್ರೆ ಕೆಲಸಕ್ಕೆ ಬರೋದು ಯಾವುದು? ನನ್ನ ಅಳತೆಗೋಲು ಇದು: ತುಡಿತ ಬರೋದಕ್ಕೆ ಮೊದಲೇ ಅದು ಸಿದ್ಧವಾಗಿರಬೇಕು, ತುಡಿತ ಬಂದಾಗ ಕೈಗೆ ಏನಾದ್ರೂ ಕೆಲಸ ಕೊಡಬೇಕು. ಬರೀ ಓದಿಸೋದು, ಬೆನ್ನು ತಟ್ಟೋದು, ಸೂರ್ಯೋದಯದ ಚಿತ್ರದ ಮೇಲೆ ನುಡಿಮುತ್ತು ಹಾಕೋದು ಇದ್ಯಾವುದೂ ಆ ಹೊತ್ತಿನಲ್ಲಿ ತಲೆಗೆ ಇಳಿಯಲ್ಲ.

ನಾನು ಹೆಚ್ಚು ಬಳಸಿದ್ದು ಚಟ ಬಿಡೋರಿಗೆ ನೆರವಾಗೋ ಸ್ಮಾರ್ಟ್ ರಿಕವರಿ ಅನ್ನೋ ಸಂಸ್ಥೆಯ ವರ್ಕ್‌ಶೀಟ್‌ಗಳು. 1994ರಿಂದ ಆ ಹೆಸರಿನಲ್ಲಿ ನಡೀತಿದೆ. ಹಾಳೆಗಳು ವೆಬ್‌ಸೈಟ್‌ನಲ್ಲೇ ಸಿಗುತ್ತವೆ. ಸಿಗರೇಟ್, ಕುಡಿತ, ಜೂಜು, ಅತಿಯಾಗಿ ತಿನ್ನೋದು, ಫೋನ್, ಯಾವುದಕ್ಕಾದ್ರೂ ಅವೇ ಹಾಳೆಗಳು. ಉತ್ಸಾಹ ಹುಟ್ಟಿಸಿಕೊಂಡು ಉಳಿಸಿಕೊಳ್ಳೋದು, ತುಡಿತ ನಿಭಾಯಿಸೋದು, ಯೋಚನೆ ಭಾವನೆ ನಡವಳಿಕೆ ಸಂಭಾಳಿಸೋದು, ಬದುಕನ್ನ ಸಮತೋಲನಕ್ಕೆ ತರೋದು, ಈ ನಾಲ್ಕು ಅವರ ಕಂಬಗಳು. ನಾಲ್ಕನೇದರ ಬಗ್ಗೆ ನಾನೇನೂ ಹೇಳಲ್ಲ, ಬದುಕಿನ ಸಮತೋಲನ ನನಗಿನ್ನೂ ಸಿಕ್ಕಿಲ್ಲ.

ಮೊದಲು ತುಡಿತದ ದಾಖಲೆ. ಅವರು ಅರ್ಜ್ ಲಾಗ್ ಅಂತಾರೆ. ಸಮಯ, ತೀವ್ರತೆ ಹತ್ತಕ್ಕೆ ಎಷ್ಟು, ಅದಕ್ಕೆ ಮುಂಚೆ ಏನಾಯ್ತು, ನಾನೇನು ಮಾಡಿದೆ, ಆಮೇಲೆ ಎಷ್ಟಕ್ಕೆ ಇಳೀತು. ನನ್ನ ಕುಡಿತದ ಕಾಲದ ಪುಟದಿಂದ ಮೂರು ಸಾಲು ಹಾಗೇ ಕೊಡ್ತೀನಿ:

ಸಂಜೆ 6.40 / 8 / ಅಣ್ಣನ ಫೋನ್, ಮತ್ತೆ ಆಸ್ತಿ ಮಾತು / ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದು ಹತ್ತಿದೆ, ಮೂರು ಸಲ / 6.55ಕ್ಕೆ 4

ರಾತ್ರಿ 9.10 / 5 / ಏನಿಲ್ಲ, ಸುಮ್ನೆ ಕೂತಿದ್ದೆ / ಸ್ನಾನಕ್ಕೆ ಹೋದೆ / 9.30ಕ್ಕೆ 1

ಮಧ್ಯಾಹ್ನ 3.15 / 9 / ತಿಂಗಳ ಲೆಕ್ಕ ಮೊದಲನೇ ಸಲಕ್ಕೇ ತಾಳೆ ಬಿತ್ತು, ಖುಷಿ / ಎದ್ದು ಹೋಗಿ ಪಕ್ಕದ ಸೀಟಿನವರ ಹತ್ತಿರ ಹರಟೆ / 3.25ಕ್ಕೆ 5

ಮೂರನೇ ಸಾಲು ನೋಡಿ. ದುಃಖಕ್ಕೆ ಕುಡೀತಾರೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಪುಟದಲ್ಲಿ ದೊಡ್ಡ ಅಂಕಿ ಬಿದ್ದಿದ್ದು ಕೆಲಸ ಚೆನ್ನಾಗಿ ಮುಗಿದ ಸಂತೋಷದ ಎದುರಿಗೆ. ಬರೆಯದೇ ಇದ್ದಿದ್ರೆ ಇದು ನನಗೆ ಯಾವತ್ತೂ ಹೊಳೀತಿರಲಿಲ್ಲ. ಜಗಳ ಆದ ದಿನ ಹುಷಾರಾಗಿದ್ದು, ಖುಷಿಯಾದ ದಿನ ಮೈಮರೀತಿದ್ದೆ.

ಆದ್ರೆ ನಿಜವಾದ ಔಷಧ ಇರೋದು ಕೊನೇ ಕಾಲಂನಲ್ಲಿ. ತುಡಿತ ಏರಿದಾಗ ಅದು ಏರ್ತಾನೇ ಹೋಗುತ್ತೆ, ಸೇದೋವರೆಗೂ ಇಳಿಯಲ್ಲ ಅಂತ ಅನ್ನಿಸುತ್ತೆ. ಸಾಮಾನ್ಯವಾಗಿ ಹಾಗಾಗಲ್ಲ. ಅದು ಅಲೆಯ ಹಾಗೆ ಏರಿ ಕೆಲವು ನಿಮಿಷಕ್ಕೆ ತಾನೇ ಇಳಿಯುತ್ತೆ, ಅದರ ಜೊತೆ ಗುದ್ದಾಡದೆ ಮೈಯಲ್ಲಿ ಎಲ್ಲಿ ಏನಾಗ್ತಿದೆ ಅಂತ ಗಮನಿಸ್ತಾ ಇರಿ ಅಂತ ಅದೇ ಮಾರ್ಲೆಟ್ ಕಲಿಸಿದ್ರು. ಅರ್ಜ್ ಸರ್ಫಿಂಗ್ ಅಂತ ಆ ವಿಧಾನದ ಹೆಸರು. ಯಾರೋ ಹೇಳಿದ್ರೆ ನಾನು ನಂಬೋ ಆಸಾಮಿ ಅಲ್ಲ. ನನ್ನದೇ ಕೈಬರಹದಲ್ಲಿ 8 ಇದ್ದದ್ದು 4 ಆಗಿದೆ ಅಂತ ಕಂಡಾಗ ನಂಬಲೇಬೇಕಾಯ್ತು.

ಎರಡನೇದು ಲಾಭ ನಷ್ಟದ ಹಾಳೆ. ನಾಲ್ಕು ಚೌಕ: ಸೇದಿದ್ರೆ ಏನು ಸಿಗುತ್ತೆ, ಸೇದಿದ್ರೆ ಏನು ಹೋಗುತ್ತೆ, ಬಿಟ್ರೆ ಏನು ಸಿಗುತ್ತೆ, ಬಿಟ್ರೆ ಏನು ಹೋಗುತ್ತೆ. ಪ್ರತಿಯೊಂದರ ಮುಂದೆ ಇದು ಈಗಿನದ್ದಾ, ಮುಂದಿನದ್ದಾ ಅಂತ ಗುರುತು ಹಾಕಬೇಕು. ಬಹಳ ಜನ ಮೊದಲನೇ ಚೌಕವನ್ನ ಖಾಲಿ ಬಿಟ್ಟು ಎರಡನೇದಕ್ಕೆ ಹಾರ್ತಾರೆ, ಕ್ಯಾನ್ಸರ್, ಹೃದಯ, ಮನೆಯವರ ಕಣ್ಣೀರು ಅಂತ ತುಂಬಿಸ್ತಾರೆ. ಮೊದಲನೇ ಚೌಕವೇ ಮುಖ್ಯ ಸ್ವಾಮಿ. ಏನೂ ಸಿಗದೇ ಇದ್ದಿದ್ರೆ ಯಾರೂ ಮಾಡ್ತಿರಲಿಲ್ಲ. ನಾನು ನಾಚಿಕೆ ಬಿಟ್ಟು ಬರೆದಾಗ ಅಲ್ಲಿ ಬಂದ ಸಾಲು: "ಮನೇಲಿ ಯಾರೂ ನನ್ನನ್ನ ಏನೂ ಕೇಳದ ಒಂದು ಗಂಟೆ." ಕುಡಿದು ಕೂತವನ ಹತ್ತಿರ ಯಾರೂ ಕರೆಂಟ್ ಬಿಲ್ ಮಾತಾಡಲ್ಲ ನೋಡಿ. ನನಗೆ ಬೇಕಾಗಿದ್ದು ಆ ಗಂಟೆ. ಹೆಂಡತಿ ಹತ್ತಿರ ನೇರವಾಗಿ ಕೇಳಿ ಪಡೆದುಕೊಂಡೆ, ಸಂಜೆ ಬಾಗಿಲು ಹಾಕ್ಕೊಂಡು ರೇಡಿಯೋ ಕೇಳ್ತೀನಿ ಅಂತ. ಅವಳು "ಇಷ್ಟೇನಾ? ಇದನ್ನ ಮೊದಲೇ ಹೇಳೋದಲ್ವಾ" ಅಂದ್ಲು.

ಮೂರನೇದು, ತುಡಿತಕ್ಕೆ ಹೆಸರಿಡೋದು. ಡಿಸಾರ್ಮ್ ಅಂತ ಅವರ ಇನ್ನೊಂದು ಹಾಳೆಯಲ್ಲಿ ಬರುತ್ತೆ. ತಲೆಯೊಳಗೆ ಮಾತಾಡೋ ಆ ದನಿ ನಾನಲ್ಲ ಅಂತ ಬೇರೆ ಮಾಡಿ ನಿಲ್ಲಿಸೋದಕ್ಕೆ. ನನ್ನದಕ್ಕೆ 'ವಕೀಲ್ರು' ಅಂತ ಇಟ್ಟೆ, ಯಾಕಂದ್ರೆ ಅದು ಯಾವತ್ತೂ ಬೇಡಲ್ಲ, ವಾದ ಮಾಡುತ್ತೆ. "ಇವತ್ತು ಶನಿವಾರ." "ನಾಳೆಯಿಂದ ಶುರು ಮಾಡಿದ್ರೂ ಅದೇ ತಾನೇ." "ಇಷ್ಟು ದಿನ ತಡೆದಿದ್ದೀಯ, ಅಂದ್ರೆ ನಿನಗೆ ಹಿಡಿತ ಇದೆ ಅಂತ ಸಾಬೀತಾಯ್ತಲ್ಲ, ಇನ್ನು ಒಂದು ತಗೊಂಡ್ರೆ ಏನು?" ಈ ಕೊನೇ ವಾದ ಎಷ್ಟು ಚೆನ್ನಾಗಿದೆ ಅಂದ್ರೆ ಅವರಿಗೆ ಫೀಸ್ ಕೊಡಬೇಕು ಅನ್ನಿಸುತ್ತೆ. ಇಂಥ ಪ್ರತಿ ವಾದಕ್ಕೂ ಉತ್ತರ ಬರೆದಿಟ್ಟುಕೊಂಡಿದ್ದೆ. ಸ್ಥಳದಲ್ಲೇ ಉತ್ತರ ಹುಡುಕೋಕೆ ಹೋದ್ರೆ ಅವರೇ ಗೆಲ್ತಾರೆ. "ನನ್ನಿಂದ ತಡೆಯೋಕೇ ಆಗ್ತಿಲ್ಲ" ಅನ್ನೋ ವಾದಕ್ಕೆ ನನ್ನ ಉತ್ತರ: "ತಡೆಯೋಕೆ ಇಷ್ಟ ಇಲ್ಲ, ಕಷ್ಟ ಆಗ್ತಿದೆ, ಆದ್ರೆ ತಡೀತಾ ಇದ್ದೀನಲ್ಲ." ಇದರ ಮೂಲ ಆಲ್ಬರ್ಟ್ ಎಲ್ಲಿಸ್ ಅನ್ನೋ ಮನಶ್ಶಾಸ್ತ್ರಜ್ಞರು 1950ರ ದಶಕದಲ್ಲಿ ಕಟ್ಟಿದ ಚಿಕಿತ್ಸಾ ಪದ್ಧತಿ. ಘಟನೆಗಿಂತ ಅದರ ಬಗ್ಗೆ ನಾವು ನಮಗೇ ಹೇಳಿಕೊಳ್ಳೋ ಮಾತು ನಮ್ಮನ್ನ ಕುಣಿಸುತ್ತೆ ಅನ್ನೋದು ಅವರ ವಾದ.

ನಿಮ್ಮ ಬಾಲ್ಕನಿ ವಿಷಯಕ್ಕೆ ಮಾತ್ರ ಇವೆಲ್ಲಕ್ಕಿಂತ ಸುಲಭದ್ದು ಒಂದಿದೆ. ಕೈ ತಾನಾಗೇ ಹೋಗುತ್ತೆ ಅಂದ್ರಲ್ಲ, ಅಲ್ಲಿ ವಾದಕ್ಕೂ ಸಮಯ ಇಲ್ಲ. ಪೀಟರ್ ಗೋಲ್‌ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ತೋರಿಸಿದ್ದು ಏನಂದ್ರೆ, "ಕಡಿಮೆ ಮಾಡ್ತೀನಿ" ಅನ್ನೋ ಸಂಕಲ್ಪಕ್ಕಿಂತ "ಹೀಗಾದ್ರೆ ಹೀಗೆ ಮಾಡ್ತೀನಿ" ಅಂತ ಮೊದಲೇ ಗಂಟು ಹಾಕಿಟ್ಟ ಯೋಜನೆ ಹೆಚ್ಚು ಸಲ ನೆರವೇರುತ್ತೆ. ನಿಮ್ಮದು ಹೀಗಿರಬಹುದು: "ಹೆಡ್‌ಫೋನ್ ತೆಗೆದ ಕೂಡಲೇ ನೀರಿನ ಬಾಟಲಿ ಎತ್ತಿಕೊಂಡು ಮುಂಬಾಗಿಲಿಂದ ಹೊರಗೆ ಹೋಗ್ತೀನಿ." ಬಾಲ್ಕನಿ ಕಡೆಗಲ್ಲ, ಮುಂಬಾಗಿಲು. ಬರೆದು ಮಾನಿಟರ್‌ಗೆ ಅಂಟಿಸಿ. ಜೋರಾಗಿ ಓದಿಕೊಂಡು ಒಂದೆರಡು ಸಲ ನಟಿಸಿಯೂ ನೋಡಿ, ಯಾರೂ ನೋಡದಿದ್ದಾಗ.

ಫೋನ್ ಮೇಲೇ ಏನಾದ್ರೂ ಬೇಕು ಅಂದ್ರೆ ಟೆಟ್ರಿಸ್ ಆಡಿ, ಮೇಲಿಂದ ಬೀಳೋ ಚೌಕಗಳನ್ನ ಜೋಡಿಸೋ ಆಟ. ತಮಾಷೆಯಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 31 ವಿದ್ಯಾರ್ಥಿಗಳನ್ನ ಒಂದು ವಾರ ಹಿಂಬಾಲಿಸಿದ್ರು. ಮೂರು ನಿಮಿಷ ಟೆಟ್ರಿಸ್ ಆಡಿದ ಮೇಲೆ ತುಡಿತದ ತೀವ್ರತೆ ನೂರಕ್ಕೆ 70ರ ಹತ್ತಿರ ಇದ್ದದ್ದು 56ಕ್ಕೆ ಇಳಿದಿತ್ತು. ತುಡಿತ ಅನ್ನೋದು ಬಹುಪಾಲು ಕಣ್ಣ ಮುಂದೆ ಕಟ್ಟಿಕೊಳ್ಳೋ ಚಿತ್ರ (ಆ ಹೊಗೆ, ಆ ಗ್ಲಾಸು), ಬೀಳೋ ಚೌಕಗಳನ್ನ ತಿರುಗಿಸಿ ಜೋಡಿಸೋಕೆ ಮನಸ್ಸಿಗೆ ಅದೇ ಜಾಗ ಬೇಕು, ಎರಡೂ ಒಟ್ಟಿಗೆ ಹಿಡಿಸಲ್ಲ ಅಂತ ಅವರ ವಿವರಣೆ. ಸಣ್ಣ ಪ್ರಯೋಗ, ಅದೂ ಕಾಲೇಜು ಹುಡುಗರ ಮೇಲೆ, ಹಾಗಾಗಿ ತಲೆ ಮೇಲೆ ಹೊತ್ತು ಮೆರೆಸೋದು ಬೇಡ. 70ರಿಂದ 56 ಅಂದ್ರೆ ಮಾಯ ಆಯ್ತು ಅಂತಲ್ಲ. ಆದ್ರೆ ಲೈಟರ್ ಹಿಡೀಬೇಕಾದ ಎರಡು ಹೆಬ್ಬೆರಳಿಗೂ ಕೆಲಸ ಸಿಗುತ್ತೆ.

ಸಿಗರೇಟಿಗೆ ಎಸ್ಸೆಮ್ಮೆಸ್ ಕಾರ್ಯಕ್ರಮಗಳೂ ಇವೆ. ಬ್ರಿಟನ್‌ನಲ್ಲಿ 5,800 ಸೇದುವವರ ಮೇಲೆ ನಡೆದ ಟೆಕ್ಸ್ಟ್‌ಟುಸ್ಟಾಪ್ ಅನ್ನೋ ಪರೀಕ್ಷೆಯ ಫಲಿತಾಂಶ 2011ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಬಿಡೋದಕ್ಕೆ ನೆರವಾಗೋ ಸಂದೇಶ ಪಡೆದವರಲ್ಲಿ ಆರು ತಿಂಗಳು ಪೂರ್ತಿ ಬಿಟ್ಟವರು ಶೇ. 10.7, ಸುಮ್ಮನೆ ಬೇರೆ ಸಂದೇಶ ಪಡೆದವರಲ್ಲಿ ಶೇ. 4.9. ಬಾಯಿಮಾತಲ್ಲ, ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡದ್ದು. ನನಗೆ ಅದರಲ್ಲಿ ಹಿಡಿಸಿದ್ದು ಇನ್ನೊಂದು: ತುಡಿತ ಎದ್ದಾಗ 'ಕ್ರೇವ್' ಅಂತ ಕಳಿಸಿದ್ರೆ ಅದಕ್ಕೆ ಬೇರೆ ಉತ್ತರ, ಎಡವಿ ಸೇದಿಬಿಟ್ರೆ 'ಲ್ಯಾಪ್ಸ್' ಅಂತ ಕಳಿಸಿದ್ರೆ ಅದಕ್ಕೂ ಉತ್ತರ. ಎಡವೋದು ಇದ್ದದ್ದೇ ಅಂತ ಲೆಕ್ಕ ಹಾಕಿಯೇ ಕಟ್ಟಿದ್ರು. ನಿಮ್ಮ ಆಪ್ ಮಾಡಿದವರಿಗೆ ಅದು ಹೊಳೀಲಿಲ್ಲ. ಎರಡು ಪಟ್ಟು ಅಂತ ಕುಣಿಯೋ ಮುಂಚೆ ಹತ್ತರಲ್ಲಿ ಒಂಬತ್ತು ಜನಕ್ಕೆ ಆಗಲಿಲ್ಲ ಅನ್ನೋದನ್ನೂ ನೋಡಿಕೊಳ್ಳಿ. ಒಂದು ಸಾಧನದಿಂದಲೇ ಆಗ್ಬೇಕು ಅಂತ ಕೂರಬೇಡಿ.

ನಿಮ್ಮ ಗೆಳೆಯರ ವಿಷಯ ನಾನು ಮುಟ್ಟಲ್ಲ. ಬೆಳಿಗ್ಗೆಯೂ ಕುಡಿಯೋರು ಅಂದ್ರಿ. ಅದಕ್ಕೆ ವಾರ್ಡ್_ಪಾಳಿ ಅವರು ಬಂದು ಹೇಳಲಿ.

ಗುರುವಾರದ_ಸಭೆ:

ಲೆಕ್ಕದ ಪುಸ್ತಕ ಸರ್, ನೀವು ಬರೆದದ್ದೆಲ್ಲ ಸರಿಯೇ. ಆದ್ರೆ ನನ್ನ ಅನುಭವ ಬೇರೆ. ನಾನೂ ಆ ಹಾಳೆಗಳನ್ನೆಲ್ಲ ತುಂಬಿಸಿದೆ, ಬಣ್ಣಬಣ್ಣದ ಪೆನ್ನಿನಲ್ಲಿ. ಹಾಳೆ ನನಗೆ ವಾಪಸ್ ಫೋನ್ ಮಾಡಲ್ಲ. ಹಾಳೆಗೆ ಸುಳ್ಳು ಬರೆದ್ರೆ ಅದು ಹುಬ್ಬು ಗಂಟಿಕ್ಕಲ್ಲ.

ನಾನು ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಆನ್‌ಲೈನ್ ಸಭೆಗೆ ಹೋಗ್ತೀನಿ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಮಾತಾಡಿಕೊಂಡು ಶುರುವಾದದ್ದು ಅದು, ಇವತ್ತಿಗೂ ಅದರ ಜೀವ ಅಲ್ಲೇ ಇದೆ. ಕುಡಿತ ಬಿಡೋಕೆ ಅವರು ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತೆ, ಅದು ಹಿಡಿಸದೇ ಇದ್ರೆ ಬೇರೆ ನೋಡಿಕೊಳ್ಳಿ. ಆದ್ರೆ "ಬರೀ ಭಜನೆ" ಅಂತ ತಳ್ಳಿಹಾಕೋರಿಗೆ ಹೇಳ್ತೀನಿ, ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆಯಲ್ಲಿ, ಪೂರ್ತಿ ಬಿಟ್ಟು ಉಳಿಯೋ ವಿಷಯದಲ್ಲಿ ಈ ದಾರಿ ಬೇರೆ ಹೆಸರಾಂತ ಚಿಕಿತ್ಸೆಗಳಿಗೆ ಸಮನಾಗಿ, ಕೆಲವು ಕಡೆ ಅವಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ ಅಂತ ಬಂದಿದೆ.

ಬಾಲ್ಕನಿ ಅವರೇ, ಸಂಕೋಚ ಅಂದ್ರಲ್ಲ. ಕ್ಯಾಮೆರಾ ಆಫ್ ಮಾಡಿ, ಹೆಸರಿನ ಜಾಗದಲ್ಲಿ ಒಂದು ಅಕ್ಷರ ಹಾಕಿ, ಸುಮ್ಮನೆ ಕೇಳಿಸಿಕೊಳ್ಳಿ. ನಾನು ಮೊದಲ ಸಭೆಗಳಲ್ಲಿ ಒಂದು ಮಾತೂ ಆಡಲಿಲ್ಲ, ತರಕಾರಿ ಹೆಚ್ತಾ ಕೇಳ್ತಿದ್ದೆ. ನನಗೆ ಗೊತ್ತಿಲ್ಲದ ಹೆಂಗಸೊಬ್ಬರು ನನ್ನದೇ ಕಥೆ ಹೇಳೋಕೆ ಶುರು ಮಾಡಿದಾಗ ಚಾಕು ಕೆಳಗಿಟ್ಟೆ. ಅದನ್ನ ಯಾವ ವರ್ಕ್‌ಶೀಟೂ ಮಾಡಲ್ಲ.

ಲೆಕ್ಕದ_ಪುಸ್ತಕ:

ಒಪ್ಪಿದೆ, ಅಕ್ಕ. ಸ್ಮಾರ್ಟ್ ರಿಕವರಿಯಲ್ಲೂ ಆನ್‌ಲೈನ್ ಸಭೆ ಇದೆ, ಸ್ಪಾನ್ಸರ್ (ಹೊಸಬರನ್ನ ಕೈಹಿಡಿದು ನಡೆಸೋ ಹಳೇ ಸದಸ್ಯರು) ಅಂತ ಮಾತ್ರ ಇರಲ್ಲ. ನನಗೆ ಸ್ಪಾನ್ಸರ್ ಇಲ್ಲದಿರೋದೇ ಆರಾಮ, ನಿಮಗೆ ಇರೋದೇ ಬಲ. ಹಾಳೆಗೆ ಸುಳ್ಳು ಬರೆಯಬಹುದು ಅನ್ನೋದು ಮಾತ್ರ ನೂರಕ್ಕೆ ನೂರು ನಿಜ. ಲೆಕ್ಕಪತ್ರದವನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ವಾರ್ಡ್_ಪಾಳಿ:

ನಾನು ನರ್ಸ್. ಗೆಳೆಯರ ವಿಷಯಕ್ಕೆ ಮಾತ್ರ ಬರ್ತೀನಿ, ದಯವಿಟ್ಟು ಇದನ್ನ ಅವರಿಗೆ ತೋರಿಸಿ.

ದಿನಾ ಹೆಚ್ಚು ಕುಡಿಯೋರು, ಅದರಲ್ಲೂ ಬೆಳಿಗ್ಗೆ ಕೈ ನಡುಕ ನಿಲ್ಲೋಕೆ ಕುಡಿಯೋರು, "ನಾಳೆಯಿಂದ ಪೂರ್ತಿ ಬಂದ್" ಅಂತ ಮನೇಲಿ ಒಬ್ಬರೇ ನಿಲ್ಲಿಸಬಾರದು. ಯಾವ ಆಪೂ ಇಲ್ಲಿ ಲೆಕ್ಕಕ್ಕಿಲ್ಲ. ಕೊನೇ ಸಲ ಕುಡಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತೆ. ಫಿಟ್ಸ್ ಬರೋದಿದ್ರೆ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಆಗುತ್ತೆ: ಇಲ್ಲದ್ದು ಕಾಣುತ್ತೆ, ಎಲ್ಲಿದ್ದೀನಿ ಅಂತ ಗೊತ್ತಾಗಲ್ಲ, ಜ್ವರ, ಏರಿದ ನಾಡಿ. ಚಿಕಿತ್ಸೆ ಸಿಗದಿದ್ರೆ ಪ್ರಾಣಕ್ಕೇ ಅಪಾಯ. ವಾರ್ಡ್‌ನಲ್ಲಿ ಮಾತ್ರೆ ಕೊಟ್ಟು, ಥಯಾಮಿನ್ ಅನ್ನೋ ವಿಟಮಿನ್ ಕೊಟ್ಟು, ಗಂಟೆಗಂಟೆಗೂ ನೋಡಿಕೊಂಡು ಇದನ್ನ ದಾಟಿಸ್ತೀವಿ. ಮೊದಲು ಡಾಕ್ಟರ್, ಆಮೇಲೆ ವರ್ಕ್‌ಶೀಟ್. ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳನ್ನ ಬಹಳ ಕಾಲದಿಂದ ತಗೊಳ್ತಿರೋರಿಗೂ ಇದೇ ಮಾತು, ಒಮ್ಮೆಲೇ ನಿಲ್ಲಿಸಬೇಡಿ.

ಆನ್‌ಲೈನ್‌ನಲ್ಲಿ ಉಪಯೋಗಕ್ಕೆ ಬರೋದು ಒಂದಿದೆ. ಕುಡಿತ ಎಷ್ಟರ ಮಟ್ಟಿಗೆ ಹೋಗಿದೆ ಅಂತ ಅಳೆಯೋ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿ, ಹತ್ತೇ ಪ್ರಶ್ನೆ, 40ಕ್ಕೆ ಅಂಕ. 8 ಮುಟ್ಟಿದ್ರೇ ಯೋಚಿಸಬೇಕು, 20 ಅಥವಾ ಹೆಚ್ಚು ಬಂದ್ರೆ ಅವಲಂಬನೆ ಇರಬಹುದು, ಪರೀಕ್ಷೆ ಮಾಡಿಸಬೇಕು. ಆ ಅಂಕ ಬರೆದುಕೊಂಡು ಡಾಕ್ಟರ್ ಹತ್ತಿರ ಹೋದ್ರೆ ಮಾತು ಶುರು ಮಾಡೋಕೆ ಸುಲಭ. "ಸ್ವಲ್ಪ ಕುಡೀತೀನಿ" ಅಂತ ಎಲ್ಲರೂ ಹೇಳ್ತಾರೆ, ಅಂಕ ಹಾಗೆ ಹೇಳಲ್ಲ.

ಬಾಲ್ಕನಿ ಅವರಿಗೂ ಒಂದು ಪ್ರಶ್ನೆ: ಎದ್ದ ಎಷ್ಟು ಹೊತ್ತಿಗೆ ಮೊದಲನೇ ಸಿಗರೇಟ್? ಐದು ನಿಮಿಷದೊಳಗೆ ಅಂದ್ರೆ ನಿಕೋಟಿನ್ ಅವಲಂಬನೆ ಜೋರಾಗಿದೆ ಅಂತ ಅರ್ಥ. ಆಗ ಮನಸ್ಸಿನ ಉಪಾಯದ ಜೊತೆ ಮೈಗೆ ಅಂಟಿಸೋ ನಿಕೋಟಿನ್ ಪ್ಯಾಚ್, ಅಗಿಯೋ ನಿಕೋಟಿನ್ ಗಮ್ ಬೇಕಾಗಬಹುದು. ಪ್ಯಾಚ್ ದಿನವಿಡೀ ಸಮನಾಗಿ ಕೊಡುತ್ತೆ, ಗಮ್ ತುಡಿತ ಎದ್ದಾಗಿನದಕ್ಕೆ. ಎರಡನ್ನೂ ಸೇರಿಸಿ ಬಳಸಿದ್ರೆ ಒಂದನ್ನೇ ಬಳಸೋದಕ್ಕಿಂತ ಹೆಚ್ಚು ಜನ ಬಿಡ್ತಾರೆ. ಮೊದಲ ಕೆಲವು ದಿನ ಬಹಳ ಕೆಟ್ಟದಾಗಿರುತ್ತೆ, ಎರಡರಿಂದ ನಾಲ್ಕು ವಾರದಲ್ಲಿ ಮೈಯ ಕಾಟ ಬಹುಮಟ್ಟಿಗೆ ಇಳಿಯುತ್ತೆ.

ಕೊನೇ_ಪಣ:

ಸಿಗರೇಟ್ ಚರ್ಚೆಯಲ್ಲಿ ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ನನ್ನದು ಆನ್‌ಲೈನ್ ಬೆಟ್ಟಿಂಗ್. ನಮ್ಮ ಕಷ್ಟ ಏನಂದ್ರೆ ಚಟವೂ ಫೋನ್‌ನಲ್ಲೇ, ಬಿಡಿಸೋ ಸಾಧನವೂ ಫೋನ್‌ನಲ್ಲೇ. ತುಡಿತದ ದಾಖಲೆ ಬರೆಯೋಕೆ ಫೋನ್ ತೆರೆದ್ರೆ ಬರೆದು ಮುಗಿಯೋದ್ರೊಳಗೆ ಬೆರಳು ಬೇರೆ ಕಡೆ ಹೋಗಿರುತ್ತೆ.

ನನಗೆ ಅರ್ಜ್ ಸರ್ಫಿಂಗ್ ಎಲ್ಲ ಆಗಿ ಬರಲಿಲ್ಲ. ಆಗಿ ಬಂದದ್ದು ತಡೆ ಹಾಕೋ ಸಾಫ್ಟ್‌ವೇರ್. ಗ್ಯಾಂಬ್ಯಾನ್, ಬೆಟ್‌ಬ್ಲಾಕರ್ ಅಂತ ಇವೆ, ಎರಡನೇದು ಉಚಿತ. ಜೂಜಿನ ಸೈಟ್, ಆಪ್ ಎಲ್ಲ ಮುಚ್ಚಿಬಿಡುತ್ತೆ. ಇಲ್ಲಿ ಹೇಳ್ತಿದ್ರಲ್ಲ, ಮೊದಲೇ ಸಿದ್ಧ ಇರಬೇಕು ಅಂತ, ಅದೇ ಇದು. ಸಮಾಧಾನವಾಗಿದ್ದಾಗ ನಾನು ತಗೊಂಡ ತೀರ್ಮಾನ, ಹುಚ್ಚು ಹಿಡಿದಾಗ ನಾನೇ ಬದಲಾಯಿಸೋಕಾಗದ ಹಾಗೆ. ಅದರ ಜೊತೆ ಖಾತೆಯ ಪಾಸ್‌ವರ್ಡ್ ಹೆಂಡತಿ ಕೈಗೆ ಕೊಟ್ಟೆ. ಕೇಳಿ ತಗೊಳ್ಳೋ ಮುಜುಗರವೇ ಅರ್ಧ ಬೀಗ. ಪ್ರತಿ ಆಟದ ನಡುವೆ ಬರೋ ಜಾಹೀರಾತಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ, ಟಿವಿ ದನಿ ಮುಚ್ಚಿ ಎದ್ದು ಹೋಗ್ತೀನಿ.

ಇದು ಬರೀ ದುರಭ್ಯಾಸ, ಕಾಯಿಲೆ ಎಲ್ಲಿಂದ ಬಂತು ಅನ್ನೋರಿಗೆ: 2022ರ ಜನವರಿಯಿಂದ ಜಾರಿಯಲ್ಲಿರೋ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನೋ ಕಾಯಿಲೆಗಳ ಪಟ್ಟಿಯಲ್ಲಿ ಜೂಜಿನ ಚಟವೂ ಇದೆ, ಗೇಮಿಂಗ್ ಚಟವೂ ಇದೆ. ನನ್ನ ಮಾವನಿಗೆ ಇದನ್ನ ತೋರಿಸಿದ ಮೇಲೆ ಬೈಗುಳ ಸ್ವಲ್ಪ ಕಡಿಮೆಯಾಗಿದೆ.

ಬಾಲ್ಕನಿ_ಬಾಗಿಲು:

ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ವಾರ್ಡ್ ಪಾಳಿ ಮೇಡಂ, ನಿಮ್ಮ ಉತ್ತರ ಗೆಳೆಯನಿಗೆ ಓದಿ ಹೇಳಿದೆ. ಫಿಟ್ಸ್ ಅಂದ ಕೂಡಲೇ ಸುಮ್ಮನಾದ. ಹಿಂದೊಮ್ಮೆ ನಿಲ್ಲಿಸಿದಾಗ ಕೈ ನಡುಗಿ ಲೋಟ ಹಿಡಿಯೋಕಾಗ್ತಿರಲಿಲ್ಲವಂತೆ, ಯಾರಿಗೂ ಹೇಳಿರಲಿಲ್ಲ. ಡಾಕ್ಟರ್ ಹತ್ತಿರ ಬರೋಕೆ ಒಪ್ಪಿದ್ದಾನೆ, ನಾನೂ ಜೊತೆಗೆ ಹೋಗ್ತೀನಿ. ಅಲ್ಲಿವರೆಗೂ ತಾನೇ ಏಕಾಏಕಿ ನಿಲ್ಲಿಸಬೇಡ ಅಂತ ಹೇಳಿದ್ದೀನಿ, ಸರಿ ತಾನೇ? ನನ್ನ ಮೊದಲನೇ ಸಿಗರೇಟ್ ಎದ್ದು ಒಂದು ಗಂಟೆ ಆದ ಮೇಲೆ, ಮೊದಲ ಕಾಲ್ ಮುಗಿದಾಗ.

ಲೆಕ್ಕದ ಪುಸ್ತಕ ಸರ್, ನಾಲ್ಕು ಚೌಕದ ಹಾಳೆ ಹಾಕಿದೆ. ಮೊದಲನೇ ಚೌಕದಲ್ಲಿ 'ಟೆನ್ಷನ್ ಕಡಿಮೆ ಆಗುತ್ತೆ' ಅಂತ ಬರೆದೆ, ಅದು ಪೊಳ್ಳು ಅನ್ನಿಸಿ ಹೊಡೆದು ಹಾಕಿದೆ. ಆಮೇಲೆ ಬಂದದ್ದು: 'ಐದು ನಿಮಿಷ ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಇರಲ್ಲ.' ಚಾಟ್‌ನಲ್ಲಿ ಆನ್‌ಲೈನ್ ಇದ್ದೀನಿ ಅಂತ ತೋರಿಸೋ ಚುಕ್ಕೆ. ಸಿಗರೇಟಿಗೆ ಎದ್ದು ಹೋದ್ರೆ ಯಾರೂ ಕೇಳಲ್ಲ, ಸುಮ್ನೆ ಎದ್ದು ಹೋದ್ರೆ ನನಗೇ ಕಳ್ಳತನ ಮಾಡಿದ ಹಾಗಾಗುತ್ತೆ.

ಕೊನೇ ಪಣ ಅವರು ಹೇಳಿದ ಸಮಸ್ಯೆ ನನಗೂ ಇದೆ. ದಾಖಲೆ ಎಲ್ಲಿ ಬರೀಲಿ? ಇನ್ನೊಂದು ಆಪ್ ಹಾಕಿಕೊಳ್ಳೋಕೆ ಹೋದ್ರೆ ಅದು ಕಾಂಟ್ಯಾಕ್ಟ್ಸ್, ಲೊಕೇಶನ್ ಎಲ್ಲ ಕೇಳ್ತಿದೆ.

ವಾರ್ಡ್_ಪಾಳಿ:

ಸರಿಯಾಗೇ ಹೇಳಿದ್ದೀರಿ. ಆದ್ರೆ ದಿನ ದೂಡಬೇಡಿ, ಈ ವಾರವೇ ಕರ್ಕೊಂಡು ಹೋಗಿ. ಮಧ್ಯದಲ್ಲಿ ಫಿಟ್ಸ್ ಬಂದ್ರೆ, ಗೊಂದಲ ಮಾಡಿಕೊಂಡು ಏನೇನೋ ಮಾತಾಡಿದ್ರೆ ಅಪಾಯಿಂಟ್‌ಮೆಂಟ್ ಕಾಯದೆ ನೇರ ಎಮರ್ಜೆನ್ಸಿಗೆ. ಎದ್ದು ಒಂದು ಗಂಟೆ ತಡೀತೀರಿ ಅಂದ್ರೆ ನಿಮ್ಮದು ಮೈಗಿಂತ ಕಾಲ್‌ಗೆ ಅಂಟಿಕೊಂಡಿರೋ ಅಭ್ಯಾಸ ಅನ್ನಿಸುತ್ತೆ, ಲೆಕ್ಕದ ಪುಸ್ತಕದವರು ಹೇಳಿದ ಮುಂಬಾಗಿಲ ಉಪಾಯ ನಿಮಗೆ ಒಗ್ಗಬಹುದು.

ಲೆಕ್ಕದ_ಪುಸ್ತಕ:

ಹಸಿರು ಚುಕ್ಕೆ! ಇದು ಬರೆಯೋ ಮಾತು. ಕ್ಯಾಲೆಂಡರ್‌ನಲ್ಲಿ ಪ್ರತಿ ಕಾಲ್ ಆದ ಮೇಲೆ ಐದು ನಿಮಿಷ ಮುಂಚೆಯೇ ಕಾದಿರಿಸಿ, 'ನೋಟ್ಸ್' ಅಂತ ಹೆಸರು ಹಾಕಿ. ಅರ್ಧ ಗಂಟೆಯ ಕಾಲ್ ಇದ್ರೆ 25 ನಿಮಿಷಕ್ಕೆ ಇಡಿ. ನೀವು ಕದ್ದ ಹಾಗೂ ಆಗಲ್ಲ.

ತುಡಿತದ ಆಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಯಾಕೆ ಬೇಕು? ಬೇಡ ಅನ್ನಿ, ಬಿಡದಿದ್ರೆ ಆಪನ್ನೇ ಬಿಡಿ. ನೀವು ಯಾವಾಗ ಸೋಲ್ತೀರಿ ಅನ್ನೋ ಪಟ್ಟಿಗಿಂತ ಜಾಹೀರಾತು ಮಾರೋರಿಗೆ ಬೇಕಾದ ಪಟ್ಟಿ ಇನ್ನೊಂದಿಲ್ಲ. ಖಾಸಗಿತನದ ನೀತಿಯಲ್ಲಿ ಮೂರನೆಯವರಿಗೆ ಮಾಹಿತಿ ಕೊಡ್ತೀವಿ ಅಂತ ಇದೆಯಾ, ಖಾತೆ ಅಳಿಸಿದ್ರೆ ದಾಖಲೆಯೂ ಅಳಿಯುತ್ತಾ, ಇವೆರಡು ಹುಡುಕಿ ಓದಿ. ಸಾಮಾನ್ಯವಾಗಿ ಕೊನೇ ಕಡೆ ಇರುತ್ತೆ.

ನಿಮಗೆ ಆಪ್ ಬೇಕಾಗೇ ಇಲ್ಲ ಅನ್ನಿಸುತ್ತೆ. ಜೇಬಿಗೆ ಹಿಡಿಸೋ ಪುಸ್ತಕ, ಒಂದು ಪೆನ್ಸಿಲ್, ಸಿಗರೇಟ್ ಇಡ್ತಿದ್ದ ಅದೇ ಜೇಬಿನಲ್ಲಿ. ಕೊನೇ ಪಣ ಅವರಿಗೂ ಇದೇ ವಾಸಿ, ಫೋನ್ ಮುಟ್ಟೋ ಹಾಗೇ ಇಲ್ಲ. ಐದು ಕಾಲಂ ಜಾಸ್ತಿ ಅನ್ನಿಸಿದ್ರೆ ಸಮಯ, ಮೊದಲ ಅಂಕಿ, ಹತ್ತು ನಿಮಿಷದ ಮೇಲಿನ ಅಂಕಿ, ಈ ಮೂರು ಇಟ್ಟುಕೊಂಡು ಉಳಿದದ್ದನ್ನ ರಾತ್ರಿ ನೆನಪಿದ್ದಷ್ಟು ತುಂಬಿಸಿ. ಎರಡನೇ ಅಂಕಿಯನ್ನ ಮಾತ್ರ ಬಿಡಬೇಡಿ. ಸೇದಿಬಿಟ್ಟ ದಿನವೂ ಸಾಲು ಬರೀರಿ, ಏನಾಗಿತ್ತು ಅಂತ ಆ ಸಾಲಿನಲ್ಲೇ ಹೆಚ್ಚು ತಿಳಿಯೋದು. ಹಿಂದಿನ ಪುಟ ಹರಿಯಬೇಡಿ.